ಒಂದೇ ಮೆಥಡ್, ಎರಡು ಬರಹ, ಎರಡು ತಪಾಸಣೆ

ಜಾವಾಸ್ಕ್ರಿಪ್ಟ್‌ಗೆ ಟೈಪ್‌ಗಳ ತಪಾಸಣೆಯನ್ನು ಸೇರಿಸುವ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ, ಆಬ್ಜೆಕ್ಟ್‌ನಲ್ಲಿ ಏನೇನಿರಬೇಕೆಂದು ಹೇಳುವ ಒಂದು ಇಂಟರ್‌ಫೇಸ್ ಇನ್ನೊಂದನ್ನು ವಿಸ್ತರಿಸುವಾಗ ಮೂಲದಲ್ಲಿರುವ ಮೆಥಡ್ಡನ್ನು (ಆಬ್ಜೆಕ್ಟ್‌ನ ಫಂಕ್ಷನ್ನನ್ನು) ಮತ್ತೆ ಘೋಷಿಸಬಹುದು. ಹೊಸ ಟೈಪ್ ಹಳೆಯದಕ್ಕೆ ಹೊಂದಬೇಕು ಎಂಬುದಷ್ಟೇ ಷರತ್ತು. ಮೆಥಡ್ ಹಿಂದಿರುಗಿಸುವ ಮೌಲ್ಯದ ಟೈಪ್, ಅಂದರೆ ರಿಟರ್ನ್ ಟೈಪ್‌ನ ವಿಷಯದಲ್ಲಿ ಗೊಂದಲವಿಲ್ಲ. ಅದನ್ನು ಇನ್ನಷ್ಟು ನಿರ್ದಿಷ್ಟಗೊಳಿಸಬಹುದು; ಜಾವಾ ಕೂಡ 2004ರ ಐದನೇ ಆವೃತ್ತಿಯಿಂದ ಇದಕ್ಕೆ ಒಪ್ಪುತ್ತದೆ. ತಕರಾರು ಇರುವುದು ಮೆಥಡ್ ಪಡೆಯುವ ಮೌಲ್ಯಗಳಲ್ಲಿ, ಅಂದರೆ ಪ್ಯಾರಾಮೀಟರ್‌ಗಳಲ್ಲಿ.

‘ಸ್ವೀಕರ್ತ’ ಎಂಬ ಇಂಟರ್‌ಫೇಸ್‌ನಲ್ಲಿ ‘ಸಂದೇಶ’ವೊಂದನ್ನು ಪಡೆಯುವ ‘ನಿರ್ವಹಿಸು’ ಎಂಬ ಮೆಥಡ್ ಇದೆಯೆನ್ನೋಣ. ‘ದೋಷಸಂದೇಶ’ವು ‘ಸಂದೇಶ’ವನ್ನೇ ವಿಸ್ತರಿಸಿ ‘ವಿವರ’ ಎಂಬ ಸ್ಟ್ರಿಂಗ್ ಅನ್ನು ಸೇರಿಸಿಕೊಂಡಿದೆ. ಈಗ ‘ದೋಷಸ್ವೀಕರ್ತ’ ಎಂಬ ಇಂಟರ್‌ಫೇಸ್ ‘ಸ್ವೀಕರ್ತ’ವನ್ನು ವಿಸ್ತರಿಸಿ, ತನ್ನ ‘ನಿರ್ವಹಿಸು’ ದೋಷಸಂದೇಶವನ್ನು ಮಾತ್ರ ಪಡೆಯುತ್ತದೆ ಎಂದು ಘೋಷಿಸಿದರೆ ಟೈಪ್‌ಗಳನ್ನು ಪರೀಕ್ಷಿಸುವ ಕಂಪೈಲರ್ ತಡೆಯಬೇಕಿತ್ತು. ತಡೆಯುವುದಿಲ್ಲ. ಅಂಥ ಆಬ್ಜೆಕ್ಟನ್ನು ‘ಸ್ವೀಕರ್ತ’ ಎಂದು ಬಗೆದ ಕೋಡ್ ಅದಕ್ಕೆ ಸಾಮಾನ್ಯ ಸಂದೇಶವನ್ನು ಕೊಡುತ್ತದೆ, ‘ವಿವರ’ದ ಉದ್ದ ಕೇಳಿದ ಸಾಲಿನಲ್ಲಿ ಪ್ರೋಗ್ರಾಂ ರನ್‌ಟೈಮ್‌ನಲ್ಲಿ ಮುಗ್ಗರಿಸುತ್ತದೆ.

ಇದೇ ‘ನಿರ್ವಹಿಸು’ವನ್ನು ಮೆಥಡ್ ರೂಪದಲ್ಲಿ ಬರೆಯದೆ, ಬಾಣದ ಗುರುತಿನ ಫಂಕ್ಷನ್ ಟೈಪ್ ಇರುವ ಪ್ರಾಪರ್ಟಿಯಾಗಿ ಬರೆದರೆ, ವಿಸ್ತರಣೆ ತಪ್ಪಾಗಿದೆ ಎಂಬ ದೋಷ ತಕ್ಷಣ ಬರುತ್ತದೆ. 2017ರಲ್ಲಿ 2.6ನೇ ಆವೃತ್ತಿಯೊಂದಿಗೆ ಬಂದ ‘ಸ್ಟ್ರಿಕ್ಟ್ ಫಂಕ್ಷನ್ ಟೈಪ್ಸ್’ ಆಯ್ಕೆ ಪ್ಯಾರಾಮೀಟರ್‌ಗಳನ್ನು ಬಿಗಿಯಾಗಿ ಪರೀಕ್ಷಿಸುತ್ತದಾದರೂ ಮೆಥಡ್ ರೂಪದ ಘೋಷಣೆಗಳನ್ನು ಬೇಕೆಂದೇ ಹೊರಗಿಟ್ಟಿದೆ. ಅಲ್ಲಿ ಎರಡು ಪ್ಯಾರಾಮೀಟರ್ ಟೈಪ್‌ಗಳಲ್ಲಿ ಯಾವುದಾದರೊಂದು ಇನ್ನೊಂದಕ್ಕೆ ಹೊಂದಿದರೆ ಸಾಕು. ಕಾರಣ ಅರೇ, ಅಂದರೆ ಮೌಲ್ಯಗಳ ಪಟ್ಟಿ: ಹೊಸದನ್ನು ಸೇರಿಸುವ ಅದರ ‘ಪುಶ್’ ಮೆಥಡ್ಡನ್ನೂ ಬಿಗಿಯಾಗಿ ನೋಡಿದ್ದರೆ, ದೋಷಸಂದೇಶಗಳ ಅರೇಯನ್ನು ಸಂದೇಶಗಳ ಅರೇ ಬೇಕಾದ ಕಡೆ ಬಳಸಲಾಗುತ್ತಿರಲಿಲ್ಲ, ಬಳಕೆಯಲ್ಲಿದ್ದ ಎಷ್ಟೋ ಕೋಡ್ ಕಂಪೈಲ್ ಆಗದೆ ನಿಲ್ಲುತ್ತಿತ್ತು. ಈ ರಾಜಿ ನನಗೆ ಅರ್ಥವಾಗುತ್ತದೆ. ಆದರೆ ಬರವಣಿಗೆಯ ಶೈಲಿಯಂತೆ ಕಾಣುವ ವ್ಯತ್ಯಾಸವೊಂದು ತಪಾಸಣೆಯ ನಿಯಮವನ್ನೇ ಬದಲಿಸುವುದು ಒಳ್ಳೆಯ ವಿನ್ಯಾಸವೆಂದು ನನಗನಿಸುವುದಿಲ್ಲ.

ಹಾಗಾಗಿ ಬೇರೆಯವರು ವಿಸ್ತರಿಸಲೆಂದೇ ಬರೆಯುವ ಇಂಟರ್‌ಫೇಸ್‌ಗಳಲ್ಲಿ ನಾನು ಪ್ರಾಪರ್ಟಿ ರೂಪವನ್ನೇ ಬಳಸುತ್ತೇನೆ. ಒಂದೇ ಹೆಸರಿನ ಘೋಷಣೆಗಳು ಬೆರೆತಾಗ ಮೆಥಡ್‌ಗಳು ಓವರ್‌ಲೋಡ್‌ಗಳಾಗುವ (ಒಂದೇ ಹೆಸರಿಗೆ ಹಲವು ಪ್ಯಾರಾಮೀಟರ್ ರೂಪಗಳಾಗುವ) ಅನುಕೂಲ ಇದರಿಂದ ತಪ್ಪುತ್ತದೆ, ನಿಜ. ಅದು ಬೇಕಾಗುವ ಸಂದರ್ಭಗಳು ಕಡಿಮೆ. ಬಿಗಿಯೋ ಸಡಿಲವೋ ಎಂಬುದನ್ನು ತೀರ್ಮಾನಿಸುವುದು ಮೂಲ ಇಂಟರ್‌ಫೇಸ್‌ನ ಬರಹವೇ ಆದ್ದರಿಂದ, ಅದನ್ನು ಅಳವಡಿಸುವ ಕ್ಲಾಸ್ ಎಂದಿನಂತೆ ಮೆಥಡ್ ಬರೆದರೂ ತಪಾಸಣೆ ಬಿಗಿಯಾಗಿಯೇ ನಡೆಯುತ್ತದೆ. ಒಂದು ಕ್ಲಾಸ್ ಇನ್ನೊಂದು ಕ್ಲಾಸ್‌ನ ಮೆಥಡ್ಡನ್ನು ಓವರ್‌ರೈಡ್ ಮಾಡುವಲ್ಲಿ (ತನ್ನದರಿಂದ ಬದಲಿಸುವಲ್ಲಿ) ಮಾತ್ರ ಹಳೆಯ ಸಡಿಲಿಕೆ ಹಾಗೆಯೇ ಉಳಿಯುತ್ತದೆ.