ಪ್ರಗತಿ ವರದಿ 4: ಥರ್ಮೋಸ್ಟಾಟ್ ಹೌಸಿಂಗ್‌ನ ಬಿರುಕು ಹುಟ್ಟಿದ್ದು ಒಳಗಿನಿಂದಲೇ

ನನ್ನ ಕಾರಿನ ಥರ್ಮೋಸ್ಟಾಟ್ ಹೌಸಿಂಗ್‌ನಲ್ಲಿ, ಅಂದರೆ ಎಂಜಿನ್ ತಣಿಸುವ ದ್ರವದ ಹರಿವನ್ನು ನಿಯಂತ್ರಿಸುವ ಕವಾಟದ ಕವಚದಲ್ಲಿ, ಮೂರು ವಾರಗಳಿಂದ ನನ್ನನ್ನು ಸತಾಯಿಸುತ್ತಿದ್ದ ಬಿರುಕು ಕೊನೆಗೂ ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ಒಂದು ತುಂಡು ನೀಲಿ ಸಿಲಿಕೋನ್‌ನ ಮೇಲೆ ಕೂದಲೆಳೆಯಷ್ಟು ಸಣ್ಣ ಏಣಾಗಿ ಮೂಡಿತು. ವರ್ನಿಯರ್ ಇಟ್ಟು ಮೂರು ಬಾರಿ ಅಳೆದೆ. ಹೌಸಿಂಗ್‌ನ ಒಳಮೈಯಲ್ಲಿ ಬಿರುಕಿನ ಉದ್ದ 31 ಮಿಲಿಮೀಟರ್, ಹೊರಮೈಯಲ್ಲಿ ಕೇವಲ 9 ಮಿಲಿಮೀಟರ್. ಈ ಎರಡು ಅಂಕಿಗಳನ್ನು ಪಡೆಯುವುದಕ್ಕಾಗಿಯೇ ಇಷ್ಟು ದಿನ ಒದ್ದಾಡಿದ್ದು.

ಹಿಂದಿನ ವರದಿಗಳನ್ನು ಓದದವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾರು ಕೊಂಡು 3 ವರ್ಷ 5 ತಿಂಗಳಾಗಿ, 46,000 ಕಿಲೋಮೀಟರ್ ಓಡಿದ್ದಾಗ, ಮಂಡ್ಯದಿಂದ ಬರುತ್ತಾ ಶ್ರೀರಂಗಪಟ್ಟಣದ ಬೈಪಾಸಿನಲ್ಲಿ ಟೆಂಪರೇಚರ್ ಮುಳ್ಳು ಏರಿತು. ಬಾನೆಟ್ ತೆಗೆದರೆ ಹೌಸಿಂಗ್‌ನ ಕೆಳಗೆಲ್ಲ ಗುಲಾಬಿ ಬಣ್ಣದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಇಳಿದಿತ್ತು. ಸರ್ವಿಸ್ ಸೆಂಟರಿನಲ್ಲಿ ಮೊದಲು ವಾರಂಟಿ 3 ವರ್ಷಕ್ಕೆ ಮುಗಿಯಿತು ಎಂದರು; ವಾದಿಸಿದಾಗ, "ಇದು ಹೊರಗಡೆ ಪೆಟ್ಟು ಬಿದ್ದಿರೋದು ಸರ್, ಇಲ್ಲಾಂದ್ರೆ ನಲ್ಲಿ ನೀರು ಹಾಕಿರ್ತೀರಿ" ಎಂದರು. 14,260 ರೂಪಾಯಿ ಬಿಲ್ಲಿನ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬರೆದು ಸಹಿ ಹಾಕಿ ಹಣ ಕೊಟ್ಟೆ. ಹಳೆಯ ಭಾಗವನ್ನು ಕೇಳಿದಾಗ ಕೊಡಲು ಹಿಂದೇಟು ಹಾಕಿದರು. ವಾರಂಟಿಯಲ್ಲಿ ಬದಲಾಯಿಸಿದ ಭಾಗವಾದರೆ ಕಂಪನಿಗೆ ವಾಪಸ್ಸು ಹೋಗಲಿ, ನಾನು ದುಡ್ಡು ಕೊಟ್ಟು ಬದಲಾಯಿಸಿಕೊಂಡ ಮೇಲೆ ಹಳೆಯದು ನನ್ನದೇ ಎಂದು ಪಟ್ಟು ಹಿಡಿದು ತಂದೆ. ಇಂಥ ಜಗಳದಲ್ಲಿರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಹಳೆಯ ಭಾಗವನ್ನು ಬಿಟ್ಟು ಬರಬೇಡಿ.

ಮನೆಗೆ ಬಂದು ಹಳೆಯ ಹೌಸಿಂಗನ್ನೂ ಹೊಸದನ್ನೂ ಹೋಲಿಸಿ ನೋಡಿದಾಗ ನನಗೆ ನಿಜವಾಗಿ ಸಿಟ್ಟು ಬಂದಿತು. ಹೊಸ ಭಾಗದ ನಂಬರಿನ ಕೊನೆಯ ಅಕ್ಷರ ಬದಲಾಗಿದೆ. ಹಳೆಯದು ಬಿರುಕು ಬಿಟ್ಟ ಜಾಗದಲ್ಲಿಯೇ ಹೊಸದಕ್ಕೆ ಒಂದು ಅಡ್ಡಪಟ್ಟಿ ಸೇರಿಸಿದ್ದಾರೆ. ಗೋಡೆಯ ದಪ್ಪ 2.5 ಮಿಲಿಮೀಟರಿನಿಂದ 3.2ಕ್ಕೆ ಏರಿದೆ. ದೋಷ ಗೊತ್ತಿಲ್ಲದವರು ಸರಿಯಾಗಿ ಅದೇ ಜಾಗವನ್ನು ಬಲಪಡಿಸುವುದಿಲ್ಲ. ಗೊತ್ತಿದ್ದೂ ಗ್ರಾಹಕನ ಮೇಲೆ ನಲ್ಲಿ ನೀರಿನ ಆರೋಪ ಹೊರಿಸುವುದನ್ನು ನಾನು ಅಪ್ರಾಮಾಣಿಕತೆ ಎಂದೇ ಕರೆಯುತ್ತೇನೆ.

ನೀರಿನ ಆರೋಪಕ್ಕೆ ಉತ್ತರ ಸುಲಭವಾಗಿಯೇ ಸಿಕ್ಕಿತು. ಉಳಿದಿದ್ದ ಕೂಲೆಂಟಿನ ಒಂದು ಹನಿಯನ್ನು ರಿಫ್ರಾಕ್ಟೋಮೀಟರಿನಲ್ಲಿ, ಅಂದರೆ ದ್ರವ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಉಪಕರಣದಲ್ಲಿ, ನೋಡಿದಾಗ ಗೆರೆ ಮೈನಸ್ 36 ಡಿಗ್ರಿಯ ಹತ್ತಿರ ನಿಂತಿತು. ಮೈಸೂರಿನ ಚಳಿಗೆ ಆ ಅಂಕಿ ಬೇಕಾಗಿಲ್ಲದಿದ್ದರೂ, ಕೂಲೆಂಟಿನ ಮೂಲವಸ್ತುವಾದ ಗ್ಲೈಕಾಲ್ ಮತ್ತು ನೀರು ಹೆಚ್ಚುಕಡಿಮೆ ಸಮಸಮ ಇವೆ, ಯಾರೂ ನಲ್ಲಿ ನೀರು ಸುರಿದು ತೆಳುಮಾಡಿಲ್ಲ ಎಂಬುದನ್ನು ಅದು ಹೇಳುತ್ತದೆ. ಪೆಟ್ಟಿನ ಆರೋಪ ಮಾತ್ರ ಬಗ್ಗಲಿಲ್ಲ. ಬಿರುಕು ಎಲ್ಲಿಂದ ಹುಟ್ಟಿತು ಎಂದು ತೋರಿಸಲು ಹೌಸಿಂಗನ್ನು ಕೊಯ್ದು ನೋಡುವುದೇ ನೇರವಾದ ದಾರಿ. ಆದರೆ ಗ್ರಾಹಕರ ಆಯೋಗ ನಾಳೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂದರೆ ನಾನೇ ಗರಗಸ ಹಾಕಿದ ವಸ್ತುವನ್ನು ಯಾರು ನಂಬುತ್ತಾರೆ? ಕೊಯ್ಯದೆ, ಕೆರೆಯದೆ, ಬಣ್ಣ ಹಚ್ಚದೆ ಒಳಮೈಯನ್ನು ತೋರಿಸಬೇಕಿತ್ತು.

ಟಾರ್ಚು ಉಪಯೋಗಕ್ಕೆ ಬರಲಿಲ್ಲ. ಪಕ್ಕದಲ್ಲಿ ಪಿಎ66-ಜಿಎಫ್30 ಎಂದು ಅಚ್ಚೊತ್ತಿರುವ ಈ ವಸ್ತು, ಅಂದರೆ ನೂರಕ್ಕೆ 30ರಷ್ಟು ಗಾಜಿನ ಎಳೆ ಬೆರೆಸಿದ ಕಪ್ಪು ನೈಲಾನ್, ಬೆಳಕನ್ನು ಒಂದಿಷ್ಟೂ ಬಿಡುವುದಿಲ್ಲ. ಬೋರೋಸ್ಕೋಪ್ (ಕಿರಿದಾದ ಜಾಗದೊಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾ) ತರಿಸಿದೆ, ಡಬ್ಬಿಯ ಮೇಲೆ ಬರೆದ ಸ್ಪಷ್ಟತೆಗೂ ಪರದೆಯ ಮೇಲೆ ಕಂಡದ್ದಕ್ಕೂ ಸಂಬಂಧವಿರಲಿಲ್ಲ, ಎರಡು ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಎಲ್ಲವೂ ಮಂಜು. ಬಿಸಿ ನೀರು ತುಂಬಿ ಒತ್ತಡ ಕೊಟ್ಟು ನೋಡೋಣವೆಂದು ಅಲ್ಯೂಮಿನಿಯಂ ಫಲಕದ ಮುಚ್ಚಳ ಕಡೆಸಿದೆ, ಅದಕ್ಕೆ ಬೇಕಾದ, ಇಪಿಡಿಎಂ ಎಂಬ ರಬ್ಬರಿನ ಓ-ರಿಂಗ್‌ಗಳನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರು ಹನ್ನೆರಡು ದಿನ ತಡಮಾಡಿ ಕಳಿಸಿದರು. ಅನುಮಾನ ಬಂದು ಒಂದನ್ನು ಎರಡು ದಿನ ಎಂಜಿನ್ ಆಯಿಲಿನಲ್ಲಿ ಮುಳುಗಿಸಿಟ್ಟೆ. ಇಪಿಡಿಎಂ ಆಗಿದ್ದರೆ ಉಬ್ಬಬೇಕಿತ್ತು. ಒಂದಿಷ್ಟೂ ಉಬ್ಬಲಿಲ್ಲ, ಅಂದರೆ ಬಂದಿರುವುದು ಬೇರೆ ರಬ್ಬರು, ಬಹುಶಃ ಎಣ್ಣೆ ತಾಳುವ ನೈಟ್ರೈಲ್. ಚೀಟಿ ಬದಲಾಯಿಸಿ ಮಾರುವ ಈ ಅಭ್ಯಾಸದಿಂದ ನಮ್ಮಂಥವರ ಎಷ್ಟು ಶನಿವಾರಗಳು ಹಾಳಾಗುತ್ತವೆ ಎಂಬುದನ್ನು ಅವರು ಯೋಚಿಸಬೇಕು.

ದಾರಿ ತೋರಿಸಿದವಳು ದಂತವೈದ್ಯೆಯಾದ ನನ್ನ ತಂಗಿ. ಹಲ್ಲಿನ ಅಳತೆ ತೆಗೆಯುವ ಸಿಲಿಕೋನ್ 20 ಮೈಕ್ರಾನ್ ಅಗಲದ ಗೆರೆಯನ್ನೂ ಹಿಡಿಯಬಲ್ಲದು ಎಂದು ಹೇಳಿ, ತೆಳುವಾದದ್ದನ್ನೂ, ಪುಟ್ಟಿ ಎನ್ನುವ ಗಟ್ಟಿಯಾದದ್ದನ್ನೂ ಒಂದೊಂದು ಪೊಟ್ಟಣ ಕೊಟ್ಟಳು. ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು: ಐದು ನಿಮಿಷದಲ್ಲಿ ಗಟ್ಟಿಯಾಗಬೇಕಾದ ಪುಟ್ಟಿ ಒಂದು ಗಂಟೆಯಾದರೂ ಬೆರಳಿಗೆ ಅಂಟುತ್ತಿತ್ತು. ಫೋನು ಮಾಡಿದರೆ ಅವಳು ಕೇಳಿದ ಮೊದಲ ಪ್ರಶ್ನೆಯೇ, "ಅಣ್ಣಾ, ಲೇಟೆಕ್ಸ್ ಗ್ಲೌಸ್ ಹಾಕ್ಕೊಂಡು ಕಲಸಿದ್ಯಾ?" ಎಂದು. ಹೌದು, ಅದನ್ನೇ ಹಾಕಿಕೊಂಡಿದ್ದೆ. ಲೇಟೆಕ್ಸ್‌ನಲ್ಲಿರುವ ಗಂಧಕದ ಅಂಶ ಸಿಲಿಕೋನ್‌ನೊಳಗಿನ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸಿಬಿಡುತ್ತದೆಯಂತೆ. ಕೈ ತೊಳೆದು, ಹೌಸಿಂಗನ್ನು ಶುದ್ಧ ನೀರಿನಲ್ಲಿ ಜಾಲಿಸಿ ಒಣಗಿಸಿ, ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ತೆಳುವಾದ ಸಿಲಿಕೋನನ್ನು ಬಿರುಕಿನ ಉದ್ದಕ್ಕೂ ಸುರಿದು ಹಿಂದಿನಿಂದ ಪುಟ್ಟಿ ಒತ್ತಿದೆ. ಆರನೆಯ ನಿಮಿಷಕ್ಕೆ ಪಡಿಯಚ್ಚು ಒಂದೇ ತುಂಡಾಗಿ ಕಳಚಿ ಬಂದಿತು. ಬಿರುಕು ತಗ್ಗಾಗಿದ್ದಲ್ಲಿ ಪಡಿಯಚ್ಚಿನ ಮೇಲೆ ಏಣು. ಟೇಬಲ್ ದೀಪವನ್ನು ಓರೆಯಾಗಿ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಳಗೆ ಬಿರುಕು ಉದ್ದವಾಗಿದೆ ಎಂಬುದೊಂದರಿಂದಲೇ ಪೆಟ್ಟಿನ ವಾದ ಬೀಳುವುದಿಲ್ಲ, ಏಕೆಂದರೆ ಹೊರಗಿನಿಂದ ಹೊಡೆತ ಬಿದ್ದಾಗ ಗೋಡೆ ಒಳಕ್ಕೆ ಬಾಗಿ, ಎಳೆತ ಒಳಮೈಗೇ ಬೀಳುತ್ತದೆ. ಆದ್ದರಿಂದ ಹೊರಮೈಯ ಪಡಿಯಚ್ಚನ್ನೂ ತೆಗೆದೆ. ಅಲ್ಲಿ ಅಚ್ಚಿನ ನವಿರಾದ ಗೆರೆಗಳು ಹಾಗೆಯೇ ಇವೆ, ತಗ್ಗಿಲ್ಲ, ಗೀರಿಲ್ಲ. ಇನ್ನೂ ಬಲವಾದ ಸಾಕ್ಷಿ ಮಂಡ್ಯದ ಗೆಳೆಯರಿಂದ ಸಿಕ್ಕಿತು. ಅದೇ ಮಾದರಿಯ ಅವರ ಕಾರಿನ ಹೌಸಿಂಗ್ ಕಳೆದ ವರ್ಷವೇ ಅದೇ ಜಾಗದಲ್ಲಿ ಸೀಳಿತ್ತು, ಅವರಿಗೆ ದೂರು ಕೊಡುವ ಮನಸ್ಸಿಲ್ಲದ್ದರಿಂದ ಅದನ್ನು ಕೊಯ್ಯಲು ಒಪ್ಪಿದರು. ಸೀಳಿದ ಮುಖವನ್ನು ಬಿಡಿಸಿ ನೋಡಿದಾಗ ಒಳಅಂಚಿನಿಂದ ಹೊರಕ್ಕೆ ಗುಲಾಬಿ ಕಲೆಯ ಪಟ್ಟಿಗಳು ಒಂದರ ಪಕ್ಕ ಒಂದು, ಒಳಗೆ ಗಾಢ, ಹೊರಗೆ ಬರುಬರುತ್ತಾ ತಿಳಿ. ಒಂದೇ ಏಟಿಗೆ ಒಡೆದದ್ದರಲ್ಲಿ ಹೀಗೆ ಕಲೆ ಕೂರುವುದಿಲ್ಲ. ಬಿರುಕು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬೆಳೆದಿದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮೋಲ್ಡಿಂಗ್ ಕೆಲಸ ಮಾಡುವ ಪರಿಚಿತರೊಬ್ಬರು ನೋಡಿದ ಕೂಡಲೇ ಇದು ವೆಲ್ಡ್ ಲೈನ್ ಎಂದರು. ಕರಗಿದ ನೈಲಾನ್ ಅಚ್ಚಿನೊಳಗೆ ಎರಡು ಕಡೆಯಿಂದ ಹರಿದು ಬಂದು ಕೂಡುವ ಆ ಗೆರೆಯನ್ನು ಗಾಜಿನ ಎಳೆಗಳು ದಾಟುವುದಿಲ್ಲ, ಹಾಗಾಗಿ ಬಲ ಅಲ್ಲಿಯೇ ಕಡಿಮೆ. ಬಿಸಿ ಗ್ಲೈಕಾಲ್ ಮತ್ತು ನೀರು ವರ್ಷಗಟ್ಟಲೆ ನೈಲಾನನ್ನು ತಿನ್ನುತ್ತಾ ಬಂದರೆ ಮೊದಲು ಸೋಲುವುದೂ ಅಲ್ಲಿಯೇ.

ಈ ಪಡಿಯಚ್ಚಿನ ವಿದ್ಯೆ ಕೈಗೆ ಹತ್ತಿದ ಮೇಲೆ ಮನಸ್ಸು ಶೆಡ್ಡಿನ ಮೂಲೆಯಲ್ಲಿರುವ ಹಳೆಯ ಬೈಕು ಯೆಜ್ಡಿ ರೋಡ್‌ಕಿಂಗ್ ಕಡೆಗೆ ಹೋಗುತ್ತಿದೆ. 1961ರಿಂದ 1996ರವರೆಗೆ ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿಗಳ ಪೈಕಿ ಅದೂ ಒಂದು. ಅದರ ಸಿಲಿಂಡರಿನೊಳಕ್ಕೆ ಪೆಟ್ರೋಲ್-ಗಾಳಿಯ ಮಿಶ್ರಣ ಹರಿಯುವ ಟ್ರಾನ್ಸ್‌ಫರ್ ಪೋರ್ಟ್‌ಗಳ ಒಳ ಆಕಾರವನ್ನು ಇದೇ ಸಿಲಿಕೋನ್‌ನಲ್ಲಿ ತೆಗೆದು ಎಡಬಲದ ವ್ಯತ್ಯಾಸ ಅಳೆಯಬೇಕೆಂದಿದ್ದೇನೆ. ಮುಂದಿನ ವರದಿಮಾಲೆ ಅದರದ್ದೇ.

ಈಗ ದೂರಿನ ವಿಚಾರ. ವಾರಂಟಿ ಮುಗಿದಿತ್ತು ಎಂಬ ಮಾತಿಗೆ ಉತ್ತರ ಅವರದೇ ಬಿಲ್ಲುಗಳಲ್ಲಿದೆ: 2 ವರ್ಷ 8 ತಿಂಗಳಿಗೆ 300 ಮಿಲಿಲೀಟರ್, 2 ವರ್ಷ 11 ತಿಂಗಳಿಗೆ 400 ಮಿಲಿಲೀಟರ್ ಕೂಲೆಂಟ್ ಟಾಪ್ ಅಪ್ ಮಾಡಿದ್ದಾಗಿ ಬರೆದಿದ್ದಾರೆ. ಮುಚ್ಚಿದ ವ್ಯವಸ್ಥೆಯಿಂದ ಅಷ್ಟು ಕೂಲೆಂಟ್ ಸುಮ್ಮನೆ ಮಾಯವಾಗುವುದಿಲ್ಲ. ಸೋರಿಕೆ ವಾರಂಟಿ ಇದ್ದಾಗಲೇ ಶುರುವಾಗಿತ್ತು, ಕಾರಣ ಹುಡುಕದೆ ತುಂಬಿ ಕಳಿಸಿದರು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲಿದ್ದರೂ ನಾನು ವಾಸಿಸುವ ಮೈಸೂರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು, ಕಾಲಮಿತಿ 2 ವರ್ಷ, 5 ಲಕ್ಷ ರೂಪಾಯಿವರೆಗಿನ ಮೌಲ್ಯಕ್ಕೆ ಶುಲ್ಕವಿಲ್ಲ. ಇದರ ಜೊತೆಗೆ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಡಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರೀಕಾಲ್ ವ್ಯವಸ್ಥೆಯಲ್ಲಿಯೂ (ದೋಷವಿರುವ ಗಾಡಿಗಳನ್ನು ಕಂಪನಿಯೇ ವಾಪಸ್ಸು ಕರೆಸಿ ಸರಿಪಡಿಸುವ ವ್ಯವಸ್ಥೆ) ದೋಷವನ್ನು ದಾಖಲಿಸಿದ್ದೇನೆ. ಅಲ್ಲಿ ದೂರುಗಳ ಸಂಖ್ಯೆಗೆ ಬೆಲೆಯಿದೆ, ಆದ್ದರಿಂದ ಈ ಹೌಸಿಂಗ್ ಇರುವ, 7 ವರ್ಷ ಮೀರದ ಗಾಡಿಗಳ ಮಾಲೀಕರು ದಯವಿಟ್ಟು ತಾವೂ ದಾಖಲಿಸಬೇಕು.

ಪಡಿಯಚ್ಚುಗಳ ಫೋಟೋ, ಗೋಡೆಯ ದಪ್ಪದ ಅಳತೆ, ಬಿಲ್ಲುಗಳ ಪ್ರತಿ ಸೇರಿಸಿ 15 ದಿನಗಳ ಗಡುವಿನ ನೋಟಿಸನ್ನು ಸೋಮವಾರ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ಹಳೆಯ ಹೌಸಿಂಗ್ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಅಂಟಿಸಿದ ಕಾಗದದ ಮೇಲೆ ಇಬ್ಬರು ನೆರೆಯವರ ಸಹಿ ಪಡೆದು ಬೀರುವಿನಲ್ಲಿ ಇಟ್ಟಿದ್ದೇನೆ. ಹೊಸ ಹೌಸಿಂಗ್‌ಗೆ ನಿನ್ನೆ 1.2 ಬಾರ್ ಒತ್ತಡ ಕೊಟ್ಟು ಅರ್ಧ ಗಂಟೆ ಬಿಟ್ಟಿದ್ದೆ, ಮುಳ್ಳು ಅಲುಗಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಇದೇ ಪರೀಕ್ಷೆ ಮಾಡಿ ಅಂಕಿಗಳನ್ನು ಬರೆದಿಡುತ್ತೇನೆ.