ಯಗಚಿಯಲ್ಲಿ ಹುಟ್ಟು, ಕೆರೆಯಲ್ಲಿ ಗಾಳ: ಕಣ್ಣು ಕಾಣದವರ ಜೊತೆ ಹೋಗುವವರಿಗೆ

ನಮ್ಮ ಭಾವನಿಗೆ ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಗಿದೆ. ಗಾಳದ ಹುಚ್ಚು ಮಾತ್ರ ಹೋಗಿಲ್ಲ. ಹಾಗಾಗಿ ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಬೋಟಿಂಗ್, ಆಮೇಲೆ ಚಿಕ್ಕಮಗಳೂರು ಕಡೆಯ ಒಂದು ಕೆರೆಯಲ್ಲಿ ಗಾಳ ಅಂತ ಹೊರಟೆವು. ಎರಡೂ ಊರಿನ ನಡುವೆ ಸುಮಾರು 25 ಕಿ.ಮೀ. ಅಷ್ಟೇ.

ಯಗಚಿಯಲ್ಲಿ ಸ್ಪೀಡ್ ಬೋಟಿಗೆ ಎಲ್ಲರೂ ಮುಗಿಬೀಳುತ್ತಾರೆ. ಕಣ್ಣು ಕಾಣದವರಿಗೆ ಅದು ಬರೀ ಇಂಜಿನ್ ಗದ್ದಲ. ಇಬ್ಬರು ಕೂರುವ ಕಯಾಕ್ (ಹುಟ್ಟು ಹಾಕಿ ನಡೆಸುವ ಉದ್ದನೆಯ ಪುಟ್ಟ ದೋಣಿ) ಸಿಕ್ಕರೆ ಅದನ್ನೇ ಕೇಳಿ. ಕಾಣದವರು ಮುಂದೆ, ದಿಕ್ಕು ತಿರುಗಿಸುವವರು ಹಿಂದೆ. ಮುಖ್ಯವಾದ ತಯಾರಿ ಒಂದಿದೆ: ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ಹುಟ್ಟಿನಲ್ಲಿ ಬೆರಳು ಹಿಡಿಯುವ ಜಾಗಕ್ಕೆ, ಒಂದೇ ಬದಿಗೆ ಉಬ್ಬು ಬರುವ ಹಾಗೆ, ಬಿಗಿಯಾಗಿ ಸುತ್ತಿ. ಆ ಉಬ್ಬು ಬೆರಳಿಗೆ ಸಿಕ್ಕಿದ ಕೂಡಲೇ ಹಲಗೆ ಯಾವ ಕಡೆ ತಿರುಗಿದೆ ಅಂತ ಗೊತ್ತಾಗುತ್ತದೆ. ಭಾವ ಅದನ್ನು ಒಮ್ಮೆ ಸವರಿ ನೋಡಿದರು, ಮತ್ತೆ ಕೇಳಲೇ ಇಲ್ಲ.

ದಿಕ್ಕಿಗೆ ನಾವು ಮಾಡಿದ್ದು ಬಹಳ ಸುಲಭದ ಉಪಾಯ. ದಡದಲ್ಲಿ ರೇಡಿಯೋ ಇಟ್ಟು ಹಾಸನ ಆಕಾಶವಾಣಿ ಹಾಕಿದೆವು. ಹಾಡು ಬೆನ್ನ ಹಿಂದೆ ಕೇಳಿದರೆ ದೂರ ಹೋಗುತ್ತಿದ್ದೇವೆ, ಎದುರಿಗೆ ಕೇಳಿದರೆ ವಾಪಸ್. ಇಟಲಿಯಲ್ಲಿ ಹುಟ್ಟಿದ ಹೋಮೆರಸ್ ಪದ್ಧತಿಯಲ್ಲಿ ಅಂಧರು ಹಾಯಿದೋಣಿ ಪಂದ್ಯ ಆಡುವುದೂ ಸದ್ದು ಮಾಡುವ ತೇಲುಗುರುತುಗಳನ್ನು ಕೇಳಿಕೊಂಡೇ. ಕಣ್ಣು ಕಾಣದ ಜಪಾನಿನ ಮಿತ್ಸುಹಿರೊ ಇವಾಮೊಟೊ ಅವರಂತೂ 2019ರಲ್ಲಿ ಹಾಯಿದೋಣಿಯಲ್ಲಿ, ಕಣ್ಣು ಕಾಣುವ ಒಬ್ಬ ಜೊತೆಗಾರನೊಂದಿಗೆ, ಪೆಸಿಫಿಕ್ ಸಾಗರವನ್ನೇ ದಾಟಿದರು. ನಮ್ಮದು ಯಗಚಿ, ಬಿಡಿ.

ಮೊಬೈಲ್ ಬೇಕಾಗುತ್ತದೆ, ಆದರೆ ಅದನ್ನೇ ನಂಬಬೇಡಿ. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ (ಆಂಡ್ರಾಯ್ಡ್) ಅಥವಾ ವಾಯ್ಸ್‌ಓವರ್ (ಐಫೋನ್) ಹಾಕಿಕೊಂಡರೆ ದಿಕ್ಸೂಚಿ ಆಪ್ ದಿಕ್ಕನ್ನು ಓದಿ ಹೇಳುತ್ತದೆ. ನೀರಿನ ಹನಿ ಬಿದ್ದರೆ ಪರದೆ ಹುಚ್ಚುಚ್ಚಾಗಿ ಆಡುತ್ತದೆ. ಜಿಪ್ ಇರುವ ವಾಟರ್‌ಪ್ರೂಫ್ ಕವರ್‌ನಲ್ಲಿಟ್ಟು ಕುತ್ತಿಗೆಗೆ ಹಾಕಿಸಿ. ಕಿವಿಯೊಳಗೆ ತೂರುವ ಇಯರ್‌ಫೋನ್ ಬೇಡವೇ ಬೇಡ, ನೀರಿನ ಸದ್ದು ಮುಚ್ಚಿಹೋಗುತ್ತದೆ. ಕೆನ್ನೆ ಮೂಳೆ ಮೇಲೆ ಕೂರುವ ಥರದ್ದು ತನ್ನಿ. ಲೈಫ್ ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿ.

ಇನ್ನು ಗಾಳ. ಬಹಳಷ್ಟು ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನೋ ಮೀನುಗಾರಿಕೆ ಇಲಾಖೆಯವರನ್ನೋ ಮೊದಲೇ ಕೇಳಿ. ಲಕ್ಕವಳ್ಳಿ ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದ ನೀರಿನಲ್ಲಂತೂ ಆ ಯೋಚನೆ ಬೇಡ.

ನಾವೆಲ್ಲ ಬೆಂಡು ಮುಳುಗುವುದನ್ನು ನೋಡುತ್ತ ಕೂರುತ್ತೇವೆ, ಅಲ್ವಾ? ಕಾಣದವರಿಗೆ ಅದರ ಬದಲು ಕೋಲಿನ ತುದಿಗೆ ಸಿಕ್ಕಿಸುವ ಪುಟ್ಟ ಗಂಟೆ ಸಾಕು. ಎರಡು ಕೋಲಿದ್ದರೆ ಗಂಟೆಗಳ ಸದ್ದು ಬೇರೆ ಬೇರೆ ಇರಲಿ. ಬ್ಯಾಟರಿಯಲ್ಲಿ ನಡೆಯುವ ಅಲಾರಾಂ ಕೂಡ ಸಿಗುತ್ತದೆ. ದಾರ ಎಳೆದ ಕೂಡಲೇ ಬೀಪ್ ಅನ್ನುತ್ತದೆ. ನನ್ನ ಪ್ರಕಾರ ಗಂಟೆಯೇ ವಾಸಿ, ಗಾಳಿಗೆ ಅಲುಗುವುದಕ್ಕೂ ಮೀನು ಜಗ್ಗುವುದಕ್ಕೂ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಗಾಳದ ತುದಿಯ ಹತ್ತಿರ ಹಿಂದಕ್ಕೆ ಚಾಚಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬಿಡಿಸಬಹುದು. ಗಂಟು ಹಾಕಿದ ಗಾಳಗಳನ್ನು ಮನೆಯಲ್ಲೇ ತಯಾರು ಮಾಡಿ, ಒಂದೊಂದನ್ನೂ ಬೆಂಡಿನ ತುಂಡಿಗೆ ಚುಚ್ಚಿಡಿ. ಎರೆಹುಳು ಸಿಕ್ಕಿಸುವ ಕೆಲಸ ಅವರಿಗೇ ಬಿಡಿ.

ಗಂಟೆ ಸದ್ದಾದಾಗ ನಾನು "ಭಾವ, ಎಳೀರಿ ಎಳೀರಿ" ಅಂತ ಕೂಗಿದೆ. "ಮಾರಾಯ, ಸುಮ್ನಿರು. ಇನ್ನೂ ರುಚಿ ನೋಡ್ತಿದೆ" ಅಂದರು, ಬೆರಳು ದಾರದ ಮೇಲೇ ಇತ್ತು. ಬಂದಿದ್ದು ಅಂಗೈಯಗಲದ ಜಿಲೇಬಿ ಮೀನು. ಬೆನ್ನಿನ ಮುಳ್ಳಿಗೆ ಸಿಗದ ಹಾಗೆ ತಲೆ ಕಡೆಯಿಂದ ಸವರಿ ಹಿಡಿದು, ಅವರೇ ಗಾಳ ಬಿಡಿಸಿದರು. ಜೊತೆಗೆ ಹೋಗುವವರು ಬಾಯಿ ಕಟ್ಟಿಕೊಂಡಿದ್ದರೆ ಅರ್ಧ ಕೆಲಸ ಆದಂತೆ.

ಎಲ್ಲೋ ಒಂದು ಕಡೆ "ಕಾಣದವರಿಗೆ ಬೋಟಿಂಗ್ ಯಾಕೆ?" ಅಂತಲೂ ಕೇಳಿಸಿಕೊಳ್ಳಬೇಕಾಗುತ್ತದೆ. ನಮಗೂ ಆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟ, ಮನರಂಜನೆಯೂ ಸೇರಿದೆ ಅಂತ ಸಮಾಧಾನವಾಗಿ ಹೇಳಿ. ಮಳೆಗಾಲ ಬಿಟ್ಟು ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಹಾಸನದವರೆಗೆ ರೈಲಿನಲ್ಲಿ ಬರುವವರು ರಿಯಾಯಿತಿ ಕಾರ್ಡ್ ಮರೆಯಬೇಡಿ. ಪೂರ್ತಿ ಕಾಣದವರಿಗೂ ಜೊತೆಗಿರುವ ಒಬ್ಬರಿಗೂ ಸ್ಲೀಪರ್‌ನಲ್ಲಿ 75% ರಿಯಾಯಿತಿ ಇದೆ.