ಹಾಡಲು ಬಾರದವರ ಮೇಲೆ ನೂರು ನಿಮಿಷದ ಚಿತ್ರವೇಕೆ?

‘ದ ಕಾಕೆಟ್ಸ್’ ಸಾಕ್ಷ್ಯಚಿತ್ರವನ್ನು ನೋಡಿ ಎಂದು ನಾನು ಯಾರಿಗೆ ಹೇಳಿದರೂ, ನೋಡಿದ ಮೇಲೆ ಅವರು ಕೇಳುವುದು ಒಂದೇ ಪ್ರಶ್ನೆ: ಸರಿಯಾಗಿ ಹಾಡಲು ಬಾರದ, ಕುಣಿಯಲು ಬಾರದ, ಮೂರು ವರ್ಷ ತುಂಬುವ ಮೊದಲೇ ಚದುರಿಹೋದ ನಾಟಕ ತಂಡವೊಂದರ ಮೇಲೆ ನೂರು ನಿಮಿಷದ ಚಿತ್ರ ಮಾಡುವ ಅಗತ್ಯವೇನಿತ್ತು? ಡೇವಿಡ್ ವೈಸ್‌ಮನ್ ಮತ್ತು ಬಿಲ್ ವೆಬರ್ 2002ರಲ್ಲಿ ತೆರೆಗೆ ತಂದ ಈ ಚಿತ್ರದ ಪರವಾಗಿ ಹಲವು ಸಲ ಬಾಯಿಮಾತಿನಲ್ಲಿ ವಾದಿಸಿ ದಣಿದಿರುವುದರಿಂದ ಈಗ ಬರೆದೇ ಬಿಡುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋದ ನಾರ್ತ್ ಬೀಚ್ ಬಡಾವಣೆಯಲ್ಲಿ ಪ್ಯಾಲೇಸ್ ಎಂಬ ಹಳೆಯ ಚಿತ್ರಮಂದಿರವಿತ್ತು. ಹಗಲು ಚೀನೀ ಸಿನಿಮಾ, ನಡುರಾತ್ರಿ ಹಿಪ್ಪಿಗಳಿಗೆಂದೇ ಬೇರೆ ಪ್ರದರ್ಶನ. 1969ರ ಡಿಸೆಂಬರ್ 31ರಂದು ಆ ವೇದಿಕೆಯೇರಿದ ಕೆಲವರು ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ರೆಕಾರ್ಡ್ ಹಾಕಿಕೊಂಡು, ಕಾಲು ಮೇಲೆತ್ತಿ ಎಸೆಯುವ ಕ್ಯಾನ್‌ಕ್ಯಾನ್ ಕುಣಿದರು; ಜನ ಕೂಗಾಡಿ ಇಳಿಯಗೊಡದಿದ್ದಾಗ, ತೋರಿಸಲು ಬೇರೇನೂ ಇಲ್ಲದ್ದರಿಂದ, ಅದನ್ನೇ ಇನ್ನೊಮ್ಮೆ ಕುಣಿದರು. ಕಾಕೆಟ್ಸ್ ಎಂಬ ತಂಡ ಹುಟ್ಟಿದ್ದು ಹೀಗೆ. ಅದರ ಮುಂದಾಳು ಜಾರ್ಜ್ ಹ್ಯಾರಿಸ್ ತನಗೆ ಹೈಬಿಸ್ಕಸ್, ಅಂದರೆ ದಾಸವಾಳ, ಎಂದು ಹೆಸರಿಟ್ಟುಕೊಂಡಿದ್ದ. 1967ರಲ್ಲಿ ಅಮೆರಿಕದ ಸೇನಾ ಕಚೇರಿ ಪೆಂಟಗನ್ ಎದುರು ಸೈನಿಕರ ಬಂದೂಕಿನ ನಳಿಗೆಗೆ ಹೂ ಸಿಕ್ಕಿಸುತ್ತಿರುವ ಸ್ವೆಟರ್ ತೊಟ್ಟ ತರುಣನ ಪ್ರಸಿದ್ಧ ಛಾಯಾಚಿತ್ರವಿದೆಯಲ್ಲ, ಅದರಲ್ಲಿರುವವನು ಇವನೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಸ್ತ್ರೀವೇಷವೆಂದರೆ ಗಂಡಸಿನ ಗುರುತೆಲ್ಲ ಅಡಗಬೇಕು ಎಂಬ ಯಕ್ಷಗಾನದ ಶಿಸ್ತನ್ನು ನೋಡುತ್ತ ಬೆಳೆದ ನನಗೆ ಇವರ ವೇಷ ಮೊದಲು ಕಣ್ಣಿಗೆ ಚುಚ್ಚಿತು. ಮೈಮೇಲೆ ಅಜ್ಜಿಯಂದಿರ ಕಾಲದ ರೇಷ್ಮೆ ಗೌನು, ಮುಖದಲ್ಲಿ ಗಡ್ಡ ಹಾಗೆಯೇ, ಆ ಗಡ್ಡದ ತುಂಬ ಚಮಕಿಪುಡಿ. ಮರೆಮಾಚುವುದು ಅವರ ಉದ್ದೇಶವೇ ಆಗಿರಲಿಲ್ಲ. ತಂಡದಲ್ಲಿ ಹೆಂಗಸರೂ ಇದ್ದರು, ಒಂದು ಕೂಸೂ ಇತ್ತು.

ಇಷ್ಟೊಂದು ಬಿಡುವು ಇವರಿಗೆ ಎಲ್ಲಿಂದ ಬಂತು ಎಂಬುದನ್ನು ಚಿತ್ರ ಮುಚ್ಚಿಡದೆ ಹೇಳುತ್ತದೆ, ನನಗೆ ಅದು ಬಹಳ ಹಿಡಿಸಿತು. ದೊಡ್ಡ ಹಳೆಯ ಮನೆಗಳ ಬಾಡಿಗೆ ಅಗ್ಗವಾಗಿತ್ತು, ಸರಕಾರದ ಸಹಾಯಧನ ಮತ್ತು ಬಡವರಿಗೆ ಆಹಾರ ಕೊಳ್ಳಲು ಕೊಡುವ ಫುಡ್ ಸ್ಟಾಂಪ್‌ಗಳಲ್ಲಿ ಹೊಟ್ಟೆ ಹೊರೆಯಬಹುದಿತ್ತು, ಹಳೆಬಟ್ಟೆಯ ಅಂಗಡಿಗಳಲ್ಲಿ 1920–30ರ ದಶಕಗಳ ಉಡುಪುಗಳು ಚಿಲ್ಲರೆ ಕಾಸಿಗೆ ಸಿಗುತ್ತಿದ್ದವು. ಹೈಬಿಸ್ಕಸ್ ಬಂದದ್ದಂತೂ ಎಲ್ಲವನ್ನೂ ಉಚಿತವಾಗಿಯೇ ಕೊಡಬೇಕೆನ್ನುವ ಕ್ಯಾಲಿಫ್ಲವರ್ ಎಂಬ ಕಮ್ಯೂನಿನಿಂದ, ಅಂದರೆ ಒಟ್ಟಾಗಿ ಬದುಕುವವರ ಗುಂಪಿನಿಂದ. ಬಾಗಿಲಲ್ಲಿ ಟಿಕೆಟ್ ಮಾರಬೇಕೇ ಎಂಬ ವಿಚಾರಕ್ಕೆ ತಂಡ ಒಡೆದು, ಅವನು ಹೊರಬಂದು ‘ಏಂಜಲ್ಸ್ ಆಫ್ ಲೈಟ್’ ಎಂಬ ಉಚಿತ ರಂಗತಂಡವನ್ನು ಕಟ್ಟಿದ.

ಉಳಿದವರು 1971ರ ನವೆಂಬರಿನಲ್ಲಿ ನ್ಯೂಯಾರ್ಕಿಗೆ ಹೋದರು. ಲೇಖಕ ಟ್ರೂಮನ್ ಕಪೋಟೆ, ಅಂಕಣಕಾರ ರೆಕ್ಸ್ ರೀಡ್‌ರಂಥವರು ಮೊದಲೇ ಹೊಗಳಿದ್ದರಿಂದ ಊರಿಗೆ ಊರೇ ಕಾಯುತ್ತಿತ್ತು. ತಂಡವೋ ತಾಲೀಮಿಗಿಂತ ಪಾರ್ಟಿಗಳಲ್ಲೇ ಹೆಚ್ಚು ಮುಳುಗಿತ್ತು. ಆಂಡರ್ಸನ್ ಥಿಯೇಟರಿನ ಮೊದಲ ರಾತ್ರಿಗೆ ಜಾನ್ ಲೆನನ್, ಆಂಡಿ ವಾರ್ಹಾಲ್, ಆಂಜೆಲಾ ಲ್ಯಾನ್ಸ್‌ಬರಿ ಮೊದಲಾದವರು ಬಂದು ಕುಳಿತಿದ್ದರು. ನಾಟಕ ನೆಲಕಚ್ಚಿತು, ನಡುವೆಯೇ ಜನ ಎದ್ದುಹೋದರು. ‘ಪ್ರತಿಭೆ ಇಲ್ಲದಿದ್ದರಷ್ಟೇ ಸಾಲದು’ ಎಂಬ ಚಾಟಿ ಲೇಖಕ ಗೋರ್ ವಿಡಾಲ್ ಹೆಸರಿನಲ್ಲಿ ಇಂದಿಗೂ ಓಡಾಡುತ್ತಿದೆ. ನನ್ನನ್ನು ಪ್ರಶ್ನಿಸುವವರೂ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಆದರೆ ಪ್ಯಾಲೇಸಿನಲ್ಲಿ ಪ್ರೇಕ್ಷಕರೂ ವೇಷ ಕಟ್ಟಿಕೊಂಡೇ ಬರುತ್ತಿದ್ದರು, ನಟರಷ್ಟೇ ಅಮಲಿನಲ್ಲಿರುತ್ತಿದ್ದರು, ವೇದಿಕೆಯ ಮೇಲಿದ್ದವರ ನೆರೆಹೊರೆಯವರಾಗಿದ್ದರು. ನಾಟಕದ ಅರ್ಧಪಾಲು ಅವರದೇ ಆಗಿತ್ತು. ನ್ಯೂಯಾರ್ಕಿಗೆ ಹೋದದ್ದು ಉಳಿದರ್ಧ ಮಾತ್ರ, ಅದೂ ಟಿಕೆಟ್ಟಿನ ಬೆಲೆ ಹೊತ್ತುಕೊಂಡು. ಈ ಸೋಲಿಗೆ ಚಿತ್ರ ಸಬೂಬು ಹೇಳುವುದಿಲ್ಲ; ಅಲ್ಲಿದ್ದವರೇ ನಗುತ್ತ ಒಪ್ಪಿಕೊಳ್ಳುತ್ತಾರೆ.

ಪ್ರತಿಭೆ ಇರಲೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಮುಂದೆ ಡಿಸ್ಕೊ ಗಾಯನದಲ್ಲಿ ಹೆಸರಾದ ಸಿಲ್ವೆಸ್ಟರ್ ಈ ತಂಡದಲ್ಲಿದ್ದವರು. ತಂಡದವರೇ ಆದ ಸ್ಕ್ರಂಬ್ಲಿ ಕೋಲ್ಡವಿನ್ ಸಂಗೀತ ಕೊಟ್ಟ ಇವರ ಹಳೆಯ ನಾಟಕ ‘ಪರ್ಲ್ಸ್ ಓವರ್ ಶಾಂಘೈ’ 2009ರಲ್ಲಿ ಮತ್ತೆ ರಂಗಕ್ಕೆ ಬಂದಾಗ ಒಂದೂವರೆ ವರ್ಷಕ್ಕೂ ಮೀರಿ ನಡೆಯಿತು. ಹಾಗೆಂದು ಎಲ್ಲವನ್ನೂ ಸಮರ್ಥಿಸಲಾರೆ. ಹಗಲು ಚೀನೀಯರು ಸಿನಿಮಾ ನೋಡಲು ಬರುತ್ತಿದ್ದ ಮಂದಿರದಲ್ಲೇ, ಬಿಳಿಯರು ರಾತ್ರಿ ಚೀನೀಯರ ವೇಷ ಕಟ್ಟಿ ಗೇಲಿಯಾಡಿದ್ದು ಆ ನಾಟಕ. ಚಿತ್ರ ಅದನ್ನು ಇನ್ನಷ್ಟು ಕೆದಕಬೇಕಿತ್ತು.

ಅಗತ್ಯವೇನಿತ್ತು ಎಂಬುದಕ್ಕೆ ಇನ್ನೂ ನೇರವಾದ ಉತ್ತರವಿದೆ. ಹೈಬಿಸ್ಕಸ್ 1982ರಲ್ಲಿ, ಆ ರೋಗಕ್ಕೆ ಇನ್ನೂ ಸರಿಯಾದ ಹೆಸರೂ ನೆಲೆಗೊಂಡಿರದ ಹೊತ್ತಿನಲ್ಲಿ, ಏಡ್ಸ್‌ಗೆ ಬಲಿಯಾದ; ಸಿಲ್ವೆಸ್ಟರ್ 1988ರಲ್ಲಿ. ಇಂಥ ನಾಟಕ ಉಳಿಯುವುದು ನೋಡಿದವರ, ಆಡಿದವರ ನೆನಪಿನಲ್ಲಿ ಮಾತ್ರ. ಕ್ಯಾಮೆರಾ ಅವರ ಮನೆಬಾಗಿಲಿಗೆ ಹೋಗುವ ಹೊತ್ತಿಗೆ ಅವರಲ್ಲಿ ಹಲವರು ಇರಲಿಲ್ಲ. ಉಳಿದವರು ವಯಸ್ಸಾದ ಮುಖಗಳಲ್ಲಿ ಕುಳಿತು ಮಾತನಾಡುತ್ತಾರೆ. ಹೈಬಿಸ್ಕಸ್ ಮಾತ್ರ ಹಳೆಯ ರೀಲುಗಳಲ್ಲಿ, ಇಪ್ಪತ್ತರ ಹರೆಯದಲ್ಲೇ, ತಲೆಯ ತುಂಬ ಹೂ ಮುಡಿದುಕೊಂಡು ಕುಣಿಯುತ್ತಿರುತ್ತಾನೆ.